ಹೆಂಗಸರ ಡಬ್ಬಿಯ ಕಳ್ಳ ಕುಬಸ

ಈ ಸಭೆಯ ಅಧ್ಯಕ್ಷಸ್ಥಾನವನ್ನು ಅಲಂಕರಿಸಿರುವ, ನಮ್ಮ ದಿನನಿತ್ಯದ ರೈಲು ಪ್ರಯಾಣಿಕರ ಬಳಗದ ಹಿರಿಯರಾದ ಶ್ರೀ ಮುರಿಗೆಪ್ಪನವರೇ, ಮುಖ್ಯ ಅತಿಥಿಗಳೇ, ನಿವೃತ್ತಿಯ ಬೀಳ್ಕೊಡುಗೆ ಒಲ್ಲೆ ಒಲ್ಲೆ ಎನ್ನುತ್ತಲೇ ಬಂದು ಮಧ್ಯದ ಕುರ್ಚಿಯಲ್ಲಿ ಕೂತಿರುವ ನಮ್ಮ ದಾನೇಶ್ವರಿ ಅಕ್ಕನವರೇ, ಮೂಡಲಗಿಯಿಂದ ಮೊದಲ ಬಸ್ಸು ಹಿಡಿದು ಬಂದವರೇ, ಹುಕ್ಕೇರಿ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದವರೇ, ಗೋಕಾಕದಿಂದ ಕರದಂಟಿನ ಪೊಟ್ಟಣ ತಂದಿರುವ ಪುಣ್ಯವಂತರೇ, ಬೆಳಗಿನ ಗಾಡಿಯಲ್ಲಿ ದಿನಾಲೂ ಸೀಟು ಸಿಗುವವರೇ, ಎಂದೂ ಸಿಗದವರೇ, ಸಭಿಕರೇ, ನಿಮಗೆಲ್ಲ ಶರಣು ಶರಣಾರ್ಥಿ.

ಕಾರ್ಯಕ್ರಮ ನಿರೂಪಿಸುತ್ತಿರುವ ಮಹೇಶ ಅವರು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಾನು ಸಾಲಿಯ ಟೀಚರು. ಹಾಜರಿ ಹಾಕುವುದಕ್ಕೇ ನಮಗೆ ಅಷ್ಟು ಹೊತ್ತು ಬೇಕು. ಅವರ ಕೈಯಲ್ಲಿ ಗಂಟೆ ಇದೆ, ನನ್ನ ಕೈಯಲ್ಲಿ ಮೈಕಿದೆ. ಯಾರು ಗೆಲ್ಲುತ್ತಾರೋ ನೋಡೋಣ. ಬಂದಾಗಿನಿಂದ ಹಲವರು, "ಏನ್ರಿ ಟೀಚರ, ಹಸರ ಸೀರಿ ಉಟ್ಟೀರಿ, ಹಸರ ಬಳಿ ಇಟ್ಟೀರಿ, ಏನ್ ವಿಶೇಷ?" ಎಂದು ಕೇಳಿದಿರಿ. ವಿಶೇಷವಿದೆ. ಆಮೇಲೆ ಹೇಳುತ್ತೇನೆ ಎಂದು ಜಾರಿಕೊಂಡೆ.

ದಾನೇಶ್ವರಿ ಅಕ್ಕನನ್ನು ನಿಮಗೆ ಪರಿಚಯ ಮಾಡಿಕೊಡುವ ಅವಶ್ಯಕತೆ ಇದೆಯೇ? ಘಟಪ್ರಭಾ ನಿಲ್ದಾಣದ ಎರಡನೆಯ ಪ್ಲಾಟ್‌ಫಾರ್ಮಿನ ನಾಯಿಗಳಿಗೂ ಅವರ ಪರಿಚಯವಿದೆ. ಮೂಡಲಗಿಯಿಂದ ಬಸ್ಸು, ಇಲ್ಲಿಂದ ರೈಲು, ಬೆಳಗಾವಿಯಲ್ಲಿ ಗುಮಾಸ್ತೆಯ ಕೆಲಸ, ಸಂಜೆ ಮತ್ತೆ ಅದೇ ದಾರಿ. ಇಡೀ ಒಂದು ನೌಕರಿಯನ್ನು ಅವರು ಹೀಗೆ ಹಳಿಗಳ ಮೇಲೆ ಕಳೆದರು. ನಮ್ಮ ಹೆಂಗಸರ ಡಬ್ಬಿಗೆ ರೈಲ್ವೆಯವರ ಕಾನೂನು ಒಂದಿದ್ದರೆ ಅಕ್ಕನ ಕಾನೂನು ಇನ್ನೊಂದು. ಕರವಸ್ತ್ರ ಎಸೆದು ಸೀಟು ಹಿಡಿಯುವ ಹಾಗಿಲ್ಲ. ಕೂಸಿನ ತಾಯಿಗೆ ಕಿಟಕಿ. ಗೋಕಾಕ ರೋಡ್ ದಾಟುವವರೆಗೆ ಬುತ್ತಿ ಬಿಚ್ಚುವ ಹಾಗಿಲ್ಲ, ಬಿಚ್ಚಿದ ಮೇಲೆ ಒಬ್ಬರೇ ಉಣ್ಣುವ ಹಾಗಿಲ್ಲ. ರೊಟ್ಟಿ ನಿಮ್ಮದು, ಪಲ್ಯ ಇನ್ನೊಬ್ಬರದು, ಶೇಂಗಾ ಹಿಂಡಿ ಮತ್ತೊಬ್ಬರದು. ನನ್ನ ಎಡಕ್ಕೆ ಪಾಶ್ಚಾಪೂರದಲ್ಲಿ ಹತ್ತುವ ಟೈಪಿಸ್ಟ್ ಸಾವಂತ್ರೆವ್ವ, ಎದುರಿಗೆ ಅಕ್ಕ. ನಮ್ಮ ಬೆಂಚಿನಲ್ಲಿ ಎಷ್ಟು ಮದುವೆಗಳು ಕುದುರಿದವು, ಎಷ್ಟು ಅತ್ತೆಯರು ಪಂಚನಾಮೆಗೆ ಒಳಗಾದರು, ಅದನ್ನೆಲ್ಲ ಅಕ್ಕನ ಸಮ್ಮುಖದಲ್ಲಿ ಹೇಳುವ ಧೈರ್ಯ ನನಗಿಲ್ಲ.

ಇಂದು ಅಕ್ಕನಿಗೆ ಬಳಗದಿಂದ ಒಂದು ಕೈಗಡಿಯಾರ ಕೊಡಲಿದ್ದೇವೆ. ಅದನ್ನು ಆರಿಸಿ ತಂದವರು ಗಡಿಯಾರ ರಿಪೇರಿಯ ಯಲ್ಲಾರಿ ಕಾಕಾ. ಅಗೋ, ಮೂರನೆಯ ಸಾಲಿನಲ್ಲಿದ್ದಾರೆ. ಗಂಡಸರ ಡಬ್ಬಿಯವರು ನನಗೆ ಹೇಳಿದ್ದು: ಎಷ್ಟೇ ಸೀಟು ಖಾಲಿ ಇರಲಿ, ಕಾಕಾ ಬಾಗಿಲ ಹತ್ತಿರವೇ ನಿಲ್ಲುತ್ತಾರಂತೆ. ಕೇಳಿದರೆ "ಗಾಳಿ ಬೇಕಪಾ" ಅನ್ನುತ್ತಾರಂತೆ. ಅಂಥವರು ಇಂದು ಅಕ್ಕನಿಗಾಗಿ ಫ್ಯಾನು ಸಹ ಇಲ್ಲದ ಸಾಲಿನಲ್ಲಿ ಕುರ್ಚಿ ಹಿಡಿದು ಕೂತಿದ್ದಾರೆ. ಚಪ್ಪಾಳೆ ತಟ್ಟಬಹುದು.

ಕ್ಷಮಿಸಿ.

ಮಹೇಶ ಅವರೇ, ವೈರು ಅಲುಗಾಡಿಸಬೇಡಿ. ಮೈಕು ಚೆನ್ನಾಗಿಯೇ ಇದೆ. ನೀವು ಚಪ್ಪಾಳೆ ತಟ್ಟುವಾಗ ನಾನು ಮೈಕನ್ನು ಕೆಳಗೆ ಇಳಿಸಿ ಹೊಟ್ಟೆಯ ಹತ್ತಿರ ಹಿಡಿದಿದ್ದೆ. ಈಗ ಎಲ್ಲರಿಗೂ ಕೇಳಿಸಿದ ಆ ಸದ್ದು ನನ್ನ ಹೊಟ್ಟೆಯದು.

ಮುಂದಿನ ಸಾಲಿನವರು ನಗುತ್ತಿದ್ದಾರೆ. ನಗಲಿ. ನಮ್ಮ ಬೆಂಚಿನವರು ಮಾತ್ರ ನಗುತ್ತಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಾರೆ. ಸಭಿಕರೇ, ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಭಾಷಣದಲ್ಲಿ ಈ ಮಾತು ಇರಲಿಲ್ಲ. ಅಕ್ಕ ಉದಾರಿ, ಅಕ್ಕ ನಿಷ್ಠಾವಂತೆ ಎಂದು ಹೇಳಿ ಕೂತುಬಿಡುವವಳಿದ್ದೆ. ಆದರೆ ಸದ್ದಾಗಿ ಹೋಗಿದೆ. ಗ್ಯಾಸ್ ಎಂದು ಹೇಳಿ ಮುಚ್ಚಿಹಾಕಬಹುದು. ಮುಚ್ಚಿಹಾಕಿ ಹಾಕಿ ನನಗೆ ಸಾಕಾಗಿದೆ. ಅಕ್ಕನ ನಿಜವಾದ ಗುಣ ಹೇಳಬೇಕೆಂದರೂ ಇದನ್ನು ಬಿಟ್ಟು ಹೇಳಲು ಬರುವುದಿಲ್ಲ.

ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ನನ್ನ ಕರುಳಿನ ತುದಿಯಲ್ಲಿ ಗಡ್ಡೆಯಾಯಿತು. ಕ್ಯಾನ್ಸರ್. ಈ ಶಬ್ದವನ್ನೂ ನಾವು ಊರಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, "ಆ ಬ್ಯಾನಿ" ಅನ್ನುತ್ತೇವೆ. ಡಾಕ್ಟರು ಆ ಭಾಗವನ್ನೇ ತೆಗೆದುಹಾಕಿದರು. ಗಡ್ಡೆ ಹೋಯಿತು, ಜೀವ ಉಳಿಯಿತು, ಅವರಿಗೆ ನನ್ನ ಕೋಟಿ ಶರಣು. ಆದರೆ ಎಲ್ಲರಿಗೂ ದೇವರು ಹಿಂದೆ ಕೊಟ್ಟ ದಾರಿಯನ್ನು ನನಗೆ ಡಾಕ್ಟರು ಹೊಟ್ಟೆಯ ಮೇಲೆ, ಎಡಗಡೆ, ಮುಂದೆ ಮಾಡಿಕೊಟ್ಟರು. ಅದಕ್ಕೆ ಒಂದು ಚೀಲ ಅಂಟಿಸಿಕೊಳ್ಳಬೇಕು. ಮಲವೂ ವಾಯುವೂ ಅದಕ್ಕೇ ಬರುತ್ತವೆ. ಬರುವ ಮುಂಚೆ ಹೇಳುವುದಿಲ್ಲ, ಬರಬೇಡವೆಂದರೆ ಕೇಳುವುದಿಲ್ಲ. ತುಂಬಿದಾಗ ಖಾಲಿ ಮಾಡಬೇಕು. ಇದು ಸ್ವಲ್ಪ ದಿನದ ಮಾತಲ್ಲ, ಇರುವವರೆಗೂ ಹೀಗೆಯೇ. ಈಗಲೂ ಈ ಸೀರೆಯ ನೆರಿಗೆಯ ಹಿಂದೆ ಅದು ಇದೆ, ನನಗಿಂತ ಮೊದಲು ಭಾಷಣ ಮಾಡಿದ್ದು ಅದೇ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಾನು ಮುಂಜಾನೆಯ ಲಿಂಗಪೂಜೆಗೆ ಕೂಡುವುದನ್ನು ಬಿಟ್ಟೆ. ಮೈಮೇಲೆ ಇಂಥದ್ದನ್ನು ಕಟ್ಟಿಕೊಂಡು ಹೇಗೆ ಕೂಡಲಿ? ನಮ್ಮ ಅತ್ತೆ ಕಾಶೆವ್ವನವರು ನಾಲ್ಕು ದಿನ ನೋಡಿದರು. ಐದನೆಯ ದಿನ ಅಡಿಗೆಮನೆಗೆ ಬಂದು, "ಲಿಂಗಾ ಎದಿ ಮ್ಯಾಲ ಐತಿ, ಚೀಲಾ ಹೊಟ್ಟಿ ಮ್ಯಾಲ ಐತಿ. ಎರಡಕ್ಕೂ ಜಾಗಾ ಐತಿ. ಸುಮ್ಮ ಬಂದ ಕೂಡ" ಎಂದರು. ನಾನು ಹೋಗಿ ಕೂತೆ. ಅತ್ತೆಯವರ ಪಂಚನಾಮೆ ಮಾಡುವವರು ಈ ಮಾತನ್ನೂ ನೆನಪಿಟ್ಟುಕೊಳ್ಳಬೇಕು.

ಮನೆಯಲ್ಲಿ ಹೀಗೆ ಸರಿಹೋಯಿತು. ಹೊರಗೆ? ಸಾಲಿಗೆ ಹೋಗಬೇಕಲ್ಲ! ನಮ್ಮದು ಖಾಸಗಿ ಸಾಲಿ, ಬಾರದಿದ್ದರೆ ಪಗಾರವಿಲ್ಲ. ನನ್ನ ಯಜಮಾನರು ಸೋಮಶೇಖರ ಅವರು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಚೀಲಗಳು ಅಗ್ಗವಲ್ಲ. ಅವರೇ ಹೇಳಿದರು, "ಅಂಗವಿಕಲರ ಕಾರ್ಡಿಗೆ ಅರ್ಜಿ ಹಾಕೂಣು. ಕಾರ್ಡ್ ಬಂದ್ರ ಗಾಡ್ಯಾಗ ಅವರ ಡಬ್ಬ್ಯಾಗ ಕುಂಡ್ರಬಹುದು. ಅಲ್ಲಿ ಪಾಯಖಾನಿ ದೊಡ್ಡದಿರ್ತೈತಿ." ಸಭಿಕರೇ, ನನಗೆ ಬೇಕಾದದ್ದು ಅಷ್ಟೇ. ಕೂಡುವುದಕ್ಕೆ ಒಂದು ಮೂಲೆ, ಬದಿಯಲ್ಲಿ ಒಂದು ಪಾಯಖಾನೆ. ಇದಕ್ಕಿಂತ ಸಣ್ಣ ಆಸೆ ಯಾರಿಗಾದರೂ ಇರುತ್ತದೆಯೇ?

ತಪಾಸಣೆಗೆ ಕರೆ ಬಂತು. ನಾವು ಹೋದ ರೀತಿ ಕೇಳಿ. ದೊಡ್ಡವರ ಮುಂದೆ ಹೋಗುವಾಗ ನಾವು ಹೇಗೆ ಹೋಗುತ್ತೇವೆ? ತಲೆಗೆ ಸ್ನಾನ ಮಾಡಿ, ಪೆಟ್ಟಿಗೆಯೊಳಗಿನ ಇಳಕಲ್ ಸೀರೆ ಉಟ್ಟು, ಹೂ ಮುಡಿದು ಹೋದೆ. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಬಾಗಿಲ ಹೊರಗೆ ಸಾಲಿನಲ್ಲಿ ಕೂತವರು ನಮ್ಮನ್ನು ನೋಡಿ ಯಾರೋ ಕನ್ಯೆ ನೋಡಲು ಬಂದವರೆಂದು ತಿಳಿದಿರಬೇಕು. ಒಳಗೆ ಡಾಕ್ಟರು, ನಮ್ಮ ಕಡೆಯವರೇ, ತಲೆಯೆತ್ತಿ, "ಆರಾಮ ಅದೀರೇನ್ರಿ?" ಎಂದರು. ನನ್ನ ಬಾಯಿಂದ ತಾನಾಗಿಯೇ ಬಂತು: "ಆರಾಮ ಅದೇನ್ರಿ, ನೀವು ಆರಾಮ?"

ನಗಬೇಡಿ, ನೀವಾದರೂ ಅದನ್ನೇ ಹೇಳುತ್ತಿದ್ದಿರಿ. ಕಾಲು ಮುರಿದು ಮಂಚದ ಮೇಲಿದ್ದರೂ ಬಂದವರಿಗೆ ಆರಾಮ ಅದೇನಿ ಎನ್ನುವ ಊರು ನಮ್ಮದು. "ನಡೀತೀರಿ?" "ನಡೀತೇನ್ರಿ." "ಮೆಟ್ಟಲಾ ಹತ್ತತೀರಿ?" "ಹತ್ತತೇನ್ರಿ." "ಕೆಲಸಾ ಮಾಡ್ತೀರಿ?" "ಸಾಲಿ ಕಲಸ್ತೇನ್ರಿ." ಒಂದೊಂದು ಹೌದಿಗೂ ಯಜಮಾನರ ಮುಖ ಇಳಿಯುತ್ತ ಬಂತು. ನಾನು ಮಾತ್ರ ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಎಲ್ಲ ಪ್ರಶ್ನೆಗಳಿಗೂ ಸರಿಯುತ್ತರ ಕೊಡುತ್ತಿದ್ದೇನೆಂದು ತಿಳಿದಿದ್ದೆ. ಕೊನೆಗೆ ಅವರೇ ಕಾಗದಗಳನ್ನು ಓದಿ, ಪೆನ್ನು ಕೆಳಗಿಟ್ಟು, "ತಂಗಿ, ನೀವು ಇಲ್ಲಂದಿದ್ರೂ ನನಗ ಬರಿಯಾಕ ಬರತಿದ್ದಿಲ್ಲ. ಕಾಯ್ದೇದಾಗ ಇಪ್ಪತ್ತೊಂದು ನಮೂನಿ ಅಂಗವಿಕಲತೆ ಹೇಳ್ಯಾರ. ಇದು ಇನ್ನೂ ಅದರಾಗ ಸೇರಿಲ್ಲ. ನಿಮ್ಮ ತ್ರಾಸು ನನಗ ಗೊತ್ತೈತಿ" ಎಂದರು. ಅವರು ಒಳ್ಳೆಯವರು. ಒಳ್ಳೆಯವರು ಇಲ್ಲವೆಂದಾಗ ಜಗಳವಾಡಲೂ ಬರುವುದಿಲ್ಲ. ಹೊರಗೆ ಬಂದು ಮುಡಿದ ಹೂವನ್ನು ತೆಗೆದು ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡೆ.

ಮತ್ತೆ ಅದೇ ಹೆಂಗಸರ ಡಬ್ಬಿ. ಇಷ್ಟು ದಿನ ಎಲ್ಲಿದ್ದಿರೆಂದು ಕೇಳಿದವರಿಗೆ ಜ್ವರವೆಂದು ಹೇಳಿದೆ. ಆದರೆ ನನ್ನ ಜಾಗ ಬದಲಾಯಿತು. ಬೆಂಚು ಬಿಟ್ಟು ಬಾಗಿಲ ಹತ್ತಿರ, ಪಾಯಖಾನೆಯ ಎದುರಿಗೆ ನಿಲ್ಲತೊಡಗಿದೆ. ವಾಸನೆ ಬಂದೀತೆಂದು ಅತ್ತರು ಹಚ್ಚಿಕೊಂಡೆ. ಹೊಟ್ಟೆ ಗುಡುಗೀತೆಂದು ಬದನೆಕಾಯಿ, ಉಳ್ಳಾಗಡ್ಡಿ ಬಿಟ್ಟೆ, ಕೊನೆಗೆ ಬುತ್ತಿಗೆ ಕೂಡುವುದನ್ನೇ ಬಿಟ್ಟೆ. ಚೀಲ ಉಬ್ಬಿದರೆ ಕಾಣದಿರಲೆಂದು ಸೆರಗನ್ನು ಮುಂದಕ್ಕೆ ಹೊದ್ದು, ಯಾವಾಗಲೂ ಹೊಟ್ಟೆಯ ಮೇಲೆ ಒಂದು ಕೈ. ಗಾಡಿ ಜೋಲಿ ಹೊಡೆಯುವಾಗ, ಕೂಡಿ ಹಾಡುವವರು ಹಾಡುವಾಗ, ನಾನು ಆ ಬಾಗಿಲ ಕಬ್ಬಿಣ ಹಿಡಿದು ಒಬ್ಬಳೇ ನಿಂತಿರುತ್ತಿದ್ದೆ. ಒಂದು ಸಲ ಪಾಯಖಾನೆಯಲ್ಲಿ ಸಾಮಾನಿನ ಚೀಲ ತೂಗುಹಾಕಲು ಏನೂ ಇಲ್ಲದೆ, ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೊಟ್ಟೆಯ ಚೀಲ ತೊಳೆದೆ. ಆವತ್ತು ಅಲ್ಲಿಯೇ ನಿಶ್ಚಯಿಸಿದೆ: ದಸರೆಯ ಸೂಟಿಯ ನಂತರ ಸಾಲಿಗೆ ಬರುವುದಿಲ್ಲ. ಮನೆಯಲ್ಲಿಯೇ ಇದ್ದುಬಿಡುತ್ತೇನೆ. ಮಕ್ಕಳಿಗೆ ಪದ್ಯ ಕಲಿಸುವುದೊಂದೇ ನನಗೆ ಬರುವ ಕೆಲಸ, ಅದನ್ನು ಬಿಡಬೇಕೆಂದಾಗ ಎಷ್ಟು ಅತ್ತೆನೆಂದು ಯಾರಿಗೂ ಹೇಳಲಿಲ್ಲ.

ಇತ್ತ ನಮ್ಮ ಬೆಂಚಿನವರು ಸುಮ್ಮನಿದ್ದರೆಂದು ತಿಳಿದಿರಾ? ಅವರು ದಿನಾಲೂ ನನ್ನನ್ನು ನೋಡುತ್ತಿದ್ದರು. ಟೀಚರು ಬುತ್ತಿ ಉಣ್ಣುವುದಿಲ್ಲ. ಪದೇ ಪದೇ ಪಾಯಖಾನೆಗೆ ಓಡುತ್ತಾರೆ. ಉಳ್ಳಾಗಡ್ಡಿ ಕಂಡರೆ ಮುಖ ತಿರುಗಿಸುತ್ತಾರೆ. ಭಾರ ಎತ್ತುವುದಿಲ್ಲ. ಹೊಟ್ಟೆಯ ಮೇಲಿನ ಕೈ ತೆಗೆಯುವುದಿಲ್ಲ. ಹೊಟ್ಟೆಯೂ ಮುಂದೆ ಬಂದಿದೆ. ಹೇಳಿ ನೋಡೋಣ, ಹೆಂಗಸರ ಡಬ್ಬಿಯಲ್ಲಿ ಇದಕ್ಕೆಲ್ಲ ಸೇರಿ ಅರ್ಥ ಎಷ್ಟು? ಒಂದೇ!

ಮದುವೆಯಾಗಿ ಬಹಳ ವರ್ಷವಾಗಿತ್ತು ನನಗೆ. ಮಕ್ಕಳಾಗಲಿಲ್ಲ. ಕೇಳುವವರು ಕೇಳಿ ಕೇಳಿ ಸುಮ್ಮನಾಗಿದ್ದರು. ಈಗ ಇಷ್ಟು ತಡವಾಗಿ ಆಗಿದೆ, ದೃಷ್ಟಿಯಾದೀತೆಂದು ಹೇಳುತ್ತಿಲ್ಲ, ಎಂದು ಇವರೆಲ್ಲ ಮಾತಾಡಿಕೊಂಡರು. ನಮ್ಮ ಕಡೆ ಕಳ್ಳ ಕುಬಸ ಎಂದು ಮಾಡುತ್ತೇವಲ್ಲ, ಬಸುರಿಗೆ ಐದನೆಯ ತಿಂಗಳಲ್ಲಿ ತವರಿನವರು ಗದ್ದಲವಿಲ್ಲದೆ ಬಂದು, ಮುಂಚೆ ಹೇಳದೆ, ಹಸಿರು ಸೀರೆ ಉಡಿಸಿ ಉಡಿ ತುಂಬಿ ಹೋಗುವುದು! ನನ್ನ ತವರು ಬೆಲ್ಲದ ಬಾಗೇವಾಡಿ. ಅಲ್ಲಿ ಈಗ ನನ್ನ ತಂದೆತಾಯಿಗಳಿಲ್ಲ. ಹಾಗಾದರೆ ಮಾಡುವವರು ಯಾರು? "ನಾವ ಮಾಡೂಣು" ಎಂದವರು ದಾನೇಶ್ವರಿ ಅಕ್ಕ.

ಶ್ರಾವಣದ ಒಂದು ಶುಕ್ರವಾರ, ಸಂಜೆಯ ಗಾಡಿ. ಬೆಳಗಾವಿ ಬಿಟ್ಟ ಮೇಲೆ ಸಾವಂತ್ರೆವ್ವ ಬಂದು ನನ್ನ ಕೈ ಹಿಡಿದು, "ಬರ್ರಿ ಟೀಚರ, ಐದ ಮಿನಿಟ ಕುಂಡ್ರ ಬರ್ರಿ" ಎಂದು ಎಳೆದುಕೊಂಡು ಹೋದಳು. ನಮ್ಮ ಬೆಂಚಿನ ಮೇಲೆ ಹೊಸ ಟವೆಲ್ ಹಾಸಿದ್ದರು. ಎದುರಿನ ಬೆಂಚಿನಲ್ಲಿ ಹಸಿರು ಸೀರೆ, ಖಣ, ತೆಂಗಿನಕಾಯಿ, ಉತ್ತತ್ತಿ, ಹಸಿರು ಬಳೆ, ಸಿಹಿ ಮಾದಲಿಯ ಡಬರಿ. ಕಿಟಕಿಗೆ ಮಾವಿನ ತೊಂಗಲು ಸಹ ಕಟ್ಟಿದ್ದರು. ನನ್ನನ್ನು ಕೂಡಿಸಿ, ಕೈಗೆ ಬಳೆ ಏರಿಸಿ, ಹಾಡು ಶುರು ಮಾಡಿದರು. ಗಾಡಿಯ ಸದ್ದಿಗೆ ಸರಿಯಾಗಿ ತಾಳ ಹಾಕುತ್ತಿದ್ದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ಸಭಿಕರೇ, ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಇವರ ಮೇಲೆ ಸಿಟ್ಟು ಮಾಡಲೇ? ಯಾರ ಮುಖದಲ್ಲೂ ಕುಚೇಷ್ಟೆ ಇರಲಿಲ್ಲ. ತಮ್ಮ ತಂಗಿಗೇ ಆದಷ್ಟು ಖುಷಿಯಲ್ಲಿದ್ದರು. ತಲೆಯೆತ್ತಿದಾಗ ಅಕ್ಕ ಕಾಣಿಸಿದರು. ಅಷ್ಟೆಲ್ಲ ಹೊಂದಿಸಿ ತಂದವರು ಅವರು, ಆದರೆ ಬೆಂಚಿನ ಬಳಿ ಇರಲಿಲ್ಲ. ದೂರದ ಕಿಟಕಿಯ ಹತ್ತಿರ, ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದರು. ಅಕ್ಕನ ಯಜಮಾನರು ತೀರಿಕೊಂಡು ಬಹಳ ವರ್ಷವಾಗಿದೆ, ನಿಮಗೆಲ್ಲ ಗೊತ್ತು. ಕುಬಸದ ಸೀರೆಯನ್ನು ಅಂಥವರು ಮುಟ್ಟಬಾರದೆಂದು ಯಾರೂ ಆವತ್ತು ಹೇಳಿರಲಿಲ್ಲ. ಅಕ್ಕ ತಾವೇ ಹೋಗಿ ನಿಂತಿದ್ದರು.

ಅವರ ಬೆನ್ನು ನೋಡಿದ ಮೇಲೆ ನನ್ನಿಂದ ಆಗಲಿಲ್ಲ. "ನಿಲ್ಲಸ್ರಿ, ಹಾಡ ನಿಲ್ಲಸ್ರಿ. ನಾ ಬಸರ ಇಲ್ರೀ" ಎಂದೆ. ಸೆರಗು ಸರಿಸಿ ಹೊಟ್ಟೆಯ ಚೀಲವನ್ನು ತೋರಿಸಿಯೇ ಬಿಟ್ಟೆ. ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಗಡ್ಡೆ, ಆಪರೇಶನ್, ಅರ್ಜಿ, ದಸರೆಯ ನಂತರ ಬರುವುದಿಲ್ಲವೆಂಬುದು, ಎಲ್ಲ. ಒಬ್ಬಳು ಬಾಯಿಗೆ ಸೆರಗು ಹಿಡಿದು ಅಳತೊಡಗಿದಳು. ನಾನು ಬಳೆ ತೆಗೆಯಲು ಹೋದೆ.

ಆಗ ಅಕ್ಕ ಕಿಟಕಿ ಬಿಟ್ಟು ಬಂದರು. ನನ್ನ ಕೈ ಹಿಡಿದು, "ಬಳಿ ತಗೀಬ್ಯಾಡ. ತಂದ ಸೀರಿ ನಾ ವಾಪಸ್ ಒಯ್ಯಾಕಿ ಅಲ್ಲ. ಸತ್ತ ಬದುಕಿ ಬಂದೀಯಲ್ಲಾ, ಅದಕ್ಕ ಉಡಿ ತುಂಬಾಕ ಬರಾಂಗಿಲ್ಲೇನ? ಕುಬಸ ಅಲ್ಲಂದ ಮ್ಯಾಲ ಈಗ ನಾನೂ ಮುಟ್ಟಬಹುದು" ಎಂದರು. ತಾವೇ ಆ ಸೀರೆಯನ್ನು ನನಗೆ ಹೊದಿಸಿದರು. ತಾವೇ ಉಡಿ ತುಂಬಿದರು. ಆಮೇಲೆ ಮಾದಲಿಯ ಡಬರಿ ತೆಗೆದು ಒಂದು ತುತ್ತು ನನ್ನ ಬಾಯಿಗಿಟ್ಟು, ಅದೇ ಕೈಯಿಂದ ತಾವೂ ಉಂಡರು. "ಹೊಟ್ಟಿ ಗುಡುಗಿದ್ರ ಗುಡುಗಲಿ ಬಿಡ, ಗಾಡಿ ಏನ ಸುಮ್ಮ ಹೊಂಟೈತೇನು?" ಎಂದರು. ಅಳುತ್ತಿದ್ದವರು ನಗತೊಡಗಿದರು. ನಾನೂ ನಕ್ಕೆ. ಆಪರೇಶನ್ ಆದ ಮೇಲೆ ಅಂದೇ ನಾನು ಹೊಟ್ಟೆ ತುಂಬ ಉಂಡದ್ದು. ನಾನು ಉಟ್ಟಿರುವುದು ಆ ಸೀರೆಯೇ, ಸಭಿಕರೇ. ಬಳೆಯೂ ಅವೇ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಉಡಿಯನ್ನು ಕಟ್ಟಿಕೊಳ್ಳುತ್ತಿದ್ದಾಗ ನಮ್ಮ ಬೆಂಚಿನ ಒಬ್ಬ ಹೆಣ್ಣುಮಗಳು, ಹೆಸರು ಹೇಳುವುದಿಲ್ಲ, ನನ್ನ ಕಿವಿಯ ಹತ್ತಿರ ಬಂದು ಕೂತಳು. "ನಮ್ಮ ಮನ್ಯಾಗ ಹಿರ್‍ಯಾರಿಗೆ ಇದ ಚೀಲಾ ಐತ್ರೀ. ಎಂಟ ವರ್ಷ ಆತು. ಯಾರಿಗೂ ಹೇಳಿಲ್ಲ, ಹೇಳಬ್ಯಾಡ ಅಂತಾರ. ಅವರು ಅರ್ಧಾ ದರದ ಪಾಸಿನ ಮ್ಯಾಲ ಅಡ್ಡಾಡ್ತಾರ್ರಿ. ಅಂಗವಿಕಲರ ಕಾರ್ಡ್ ಬ್ಯಾಡ. ರೈಲ್ವೇದಾಗ ಪೇಷಂಟ್ ಅಂತ ಬ್ಯಾರೆ ಸವಲತ್ತ ಐತಿ. ಡಾಕ್ಟರ ಕಡೆ ಸರ್ಟಿಫಿಕೇಟ ತಂದ್ರ ಆತು" ಎಂದಳು. ನಾನು ಅವಳ ಮುಖವನ್ನೇ ನೋಡಿದೆ. ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿಕೊಂಡು ಇಬ್ಬರೂ ಒಂದೇ ಮಾತನ್ನು ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಕೂತಿದ್ದೆವು. ನಾನು ಕಾರ್ಡಿಗಾಗಿ ಅಲೆದ ದಿನಗಳಲ್ಲೆಲ್ಲ ಬೇಕಾದ ಮಾಹಿತಿ ನನ್ನ ಪಕ್ಕದಲ್ಲೇ ರೊಟ್ಟಿ ಮುರಿಯುತ್ತಿತ್ತು.

ಆಪರೇಶನ್ ಮಾಡಿದ ಡಾಕ್ಟರು ಸರ್ಟಿಫಿಕೇಟು ಬರೆದು ಕೊಟ್ಟರು. ಅರ್ಜಿ ಹಿಡಿದು ನಾನು ಪಾಸಿನ ಕಿಟಕಿಗೆ ಹೋದ ದಿನ, ಹಿಂದೆ ಸಾಲು ಬೆಳೆದಿತ್ತು. ಸಾಲಿನಲ್ಲಿ ಇದೇ ಸಭೆಯಲ್ಲಿರುವ ಒಂದಿಬ್ಬರು ಗಂಡಸರೂ ಇದ್ದರು. ಗಾಜಿನ ಆಚೆ ಕೂತವರ ಮಾತು ಹೊರಗೆ ಸಣ್ಣ ಸ್ಪೀಕರಿನಲ್ಲಿ ಬರುತ್ತದೆ, ನಿಮಗೆ ಗೊತ್ತಿದೆ. ಅವರು ನನ್ನ ಕಾಗದ ನೋಡಿ, ನಿಯಮದ ಪ್ರಕಾರವೇ, "ಪೇಷಂಟ್ ಯಾರ್ರೀ? ಏನ್ ಆಗೇತಿ ಅವರಿಗೆ?" ಎಂದರು. ಸ್ಪೀಕರು ಅದನ್ನು ಇಡೀ ಸಾಲಿಗೆ ಕೇಳಿಸಿತು. ಅಕ್ಕ ನನ್ನ ಹಿಂದೆಯೇ ನಿಂತಿದ್ದರು. ನನ್ನ ಪರವಾಗಿ ಉತ್ತರಿಸಲು ಮುಂದೆ ಬಂದರು. ನಾನು ಅವರ ಕೈ ಹಿಡಿದು ನಿಲ್ಲಿಸಿದೆ. ಡಾಕ್ಟರ ಮುಂದೆ ಆರಾಮ ಅದೇನಿ ಎಂದ ಬಾಯಿ ಇದು. ಇಲ್ಲಿಯೂ ಅದನ್ನೇ ಹೇಳಿದರೆ ಹೇಗೆ?

"ನಾನ ಪೇಷಂಟ್ರೀ" ಎಂದೆ. "ನನ್ನ ಹೊಟ್ಟಿ ಮ್ಯಾಲ ಮಲಾ ಹೋಗೂ ದಾರಿ ಮಾಡ್ಯಾರ. ಚೀಲಾ ಕಟಗೊಂಡು ಅಡ್ಡಾಡ್ತೇನಿ. ದಿನಾ ಬೆಳಗಾವಿಗೆ ಹೋಗಿ ಸಾಲಿ ಕಲಿಸಿ ಬರ್ತೇನಿ. ಇನ್ನ ಮ್ಯಾಲೂ ಹೋಗಾಕಿ ಅದೇನಿ." ಆ ಗುಮಾಸ್ತರು ಮೊದಲು ಸ್ಪೀಕರಿನ ಗುಂಡಿ ಬಂದ್ ಮಾಡಿದರು. ಆಮೇಲೆ ಎದ್ದು ನಿಂತು, ಗಾಜಿನ ಕೆಳಗಿನ ಕಿಂಡಿಗೆ ಬಾಗಿ, "ಒಂದ ಸಹಿ ಮಾಡ್ರಿ ಅಕ್ಕಾರ, ಈಗ ಮಾಡಿ ಕೊಡ್ತೇನಿ" ಎಂದರು. ಪಾಸು ಕೈಗೆ ಬಂತು. ಅರ್ಧ ದರ ಎಂಬ ಸಂತೋಷ ಸಣ್ಣದಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ನನ್ನಂಥವರೂ ಗಾಡಿಯಲ್ಲಿ ಓಡಾಡುತ್ತಾರೆಂದು ಸರಕಾರದ ಯಾರೋ ಒಬ್ಬರು ಎಂದೋ ಯೋಚಿಸಿ ಬರೆದಿಟ್ಟಿದ್ದಾರಲ್ಲ ಎಂದು ಅನ್ನಿಸಿತು. ಅಂದು ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದುಕೊಂಡು ಹೋದೆ. ಎಷ್ಟು ಹಗುರಾಗಿದ್ದೆನೆಂದರೆ ಹೊಟ್ಟೆಯ ಮೇಲಿನ ಕೈ ತೆಗೆದಿದ್ದೇನೆಂಬುದು ಅಕ್ಕ ಹೇಳಿದ ಮೇಲೆಯೇ ನನಗೆ ಗೊತ್ತಾಯಿತು.

ದಸರೆಯ ಸೂಟಿ ಮುಗಿಯಿತು. ನಾನು ಸಾಲಿ ಬಿಡಲಿಲ್ಲ. ನಮ್ಮ ಹೆಡ್‌ಮಾಸ್ತರರಿಗೂ ಹೇಳಿದೆ, ಅವರು ನನ್ನ ತರಗತಿಯನ್ನು ಮಾಳಿಗೆಯಿಂದ ಕೆಳಗೆ ತಂದರು. ಡಬ್ಬಿಯಲ್ಲಿ ಪಾಯಖಾನೆಯ ಬದಿಯ ಮೂಲೆ ಸೀಟು ಈಗ ನನ್ನದು. ಯಾರಾದರೂ ಹೊಸಬರು ಕೂತರೆ, "ಅದು ಟೀಚರದು" ಎಂದು ಡಬ್ಬಿಯೇ ಹೇಳುತ್ತದೆ. ಅಕ್ಕ ಬಜಾರದಿಂದ ಒಂದು ಸ್ಟೀಲಿನ ಕೊಂಡಿ ತಂದುಕೊಟ್ಟಿದ್ದಾರೆ, ಪಾಯಖಾನೆಯ ಕಿಟಕಿಗೆ ಸಿಕ್ಕಿಸಿ ಸಾಮಾನು ತೂಗುಹಾಕುತ್ತೇನೆ. ಅಂಗವಿಕಲರ ಕಾರ್ಡು ಇನ್ನೂ ಇಲ್ಲ. ನಮ್ಮ ತೊಂದರೆಯನ್ನೂ ಆ ಪಟ್ಟಿಗೆ ಸೇರಿಸಿರೆಂದು ಒಂದು ಮನವಿ ಬರೆದಿದ್ದೇವೆ. ಹೊರಗಿನ ಮೇಜಿನ ಮೇಲಿದೆ. ಹೆಂಗಸರ ಡಬ್ಬಿ ಪೂರ್ತಿ ಸಹಿ ಮಾಡಿದೆ, ಗಂಡಸರು ಊಟಕ್ಕೆ ಮೊದಲು ಮಾಡಬೇಕು. ಮಾಡದವರಿಗೆ ಕರದಂಟಿಲ್ಲ.

ಮಹೇಶ ಅವರು ಗಂಟೆ ಕೈಯಲ್ಲೇ ಹಿಡಿದು ಬಾರಿಸದೆ ನಿಂತಿದ್ದಾರೆ, ಅವರಿಗೆ ಧನ್ಯವಾದ. ಮುಗಿಸುತ್ತೇನೆ. ಸಭಿಕರೇ, ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ, ನಿಮ್ಮ ಡಬ್ಬಿಯಲ್ಲಿ ನನ್ನಂಥವರು ಯಾರಾದರೂ ಇದ್ದರೆ, ಬಾಗಿಲ ಹತ್ತಿರ ಒಬ್ಬರೇ ನಿಲ್ಲುವವರು ಯಾರಾದರೂ ಇದ್ದರೆ...

ಕಾಕಾ? ಯಲ್ಲಾರಿ ಕಾಕಾ, ಯಾಕೆ ಎದ್ದು ನಿಂತಿರಿ? ನೀರು ಬೇಕೇ? ಯಾರಾದರೂ ಕಾಕಾನಿಗೆ ನೀರು ಕೊಡಿ.

ಬೇಡವಂತೆ. ಸಭಿಕರೇ, ಸ್ವಲ್ಪ ಸದ್ದು ಮಾಡಬೇಡಿ. ಕಾಕಾ ಅಂಗಿಯ ಮೇಲೆ, ಹೊಟ್ಟೆಯ ಎಡಗಡೆ ಕೈಯಿಟ್ಟುಕೊಂಡು ನನ್ನ ಕಡೆ ನೋಡುತ್ತಿದ್ದಾರೆ. ಇನ್ನೊಂದು ಕೈ ಎತ್ತಿದ್ದಾರೆ, ಸಾಲಿಯಲ್ಲಿ ಮಕ್ಕಳು ಹಾಜರಿಗೆ ಎತ್ತುವ ಹಾಗೆ.

ನಾನು ಹೆಸರು ಹೇಳಿರಲಿಲ್ಲ ಕಾಕಾ. ಹೇಳುವವಳೂ ಇರಲಿಲ್ಲ. ಸಾವಂತ್ರೆವ್ವಾ, ಅಳಬ್ಯಾಡ. ನಿಮ್ಮ ಅಪ್ಪ ತಾವ ಎದ್ದ ನಿಂತಾರ, ಕಣ್ಣ ಒರಸಗೊಂಡ ನೋಡ. ಗಂಡಸರ ಡಬ್ಬಿಯವರೇ, ಈಗ ಗೊತ್ತಾಯಿತೇ ಕಾಕಾನಿಗೆ ಗಾಳಿ ಏಕೆ ಬೇಕಾಗಿತ್ತೆಂದು? ನಾಳೆ ಬೆಳಗಿನ ಗಾಡಿಯಲ್ಲಿ ಮೂಲೆ ಸೀಟು ಯಾರದೆಂದು ನಾನು ಹೇಳಬೇಕೇ? ಆಯಿತು, ನೀವೇ ಹೇಳುತ್ತಿದ್ದೀರಿ, ಕೇಳಿಸಿತು. ಒಬ್ಬೊಬ್ಬರೇ ಹೇಳಿ.

ಬರ್ರಿ ಕಾಕಾ, ಮೇಲೆ ಬರ್ರಿ. ಗಡಿಯಾರದ ಡಬ್ಬಿ ನಿಮ್ಮ ಹತ್ತಿರವೇ ಇದೆ, ನೀವೇ ಕೊಡಿ. ಅಲ್ಲಿಯವರೆಗೆ ಅಕ್ಕನಿಗೆ ನಮ್ಮ ಬೆಂಚಿನಿಂದ ಒಂದು ಕೆಲಸ ಬಾಕಿ ಇದೆ. ಅಕ್ಕಾರ, ಏಳಬೇಡಿ, ಕಿಟಕಿಯ ಕಡೆ ಹೋಗಬೇಡಿ, ಇಲ್ಲಿ ಕಿಟಕಿಯೇ ಇಲ್ಲ. ಖಣ ತಂದಿದ್ದೇವೆ, ತೆಂಗಿನಕಾಯಿ ತಂದಿದ್ದೇವೆ, ಅಕ್ಕಿ, ಉತ್ತತ್ತಿ, ಅರಿಸಿನ ಕೊಂಬು, ಎಲ್ಲ ತಂದಿದ್ದೇವೆ. ನಿಮಗ ಉಡಿ ತುಂಬಾಕ ಬರಾಂಗಿಲ್ಲ ಅನ್ನೋರ ಯಾರರೆ ಇದ್ರ ಈಗ ಕೈ ಎತ್ತಲಿ. ಯಾರೂ ಎತ್ತಲಿಲ್ಲ, ನೋಡಿದಿರಾ? ಸೆರಗು ಒಡ್ಡಿ ಅಕ್ಕಾರ. ಆವತ್ತು ನೀವು ನನಗೆ ತುಂಬಿದಿರಿ, ಇಂದು ತುಂಬುವವಳು ನಾನು.

ಅಧ್ಯಕ್ಷರಿಗೆ, ಅತಿಥಿಗಳಿಗೆ, ನಕ್ಕವರಿಗೆ, ಆಮೇಲೆ ನಗು ನಿಲ್ಲಿಸಿ ಕೇಳಿದವರಿಗೆ, ಮೈಕಿನವರಿಗೆ, ಮತ್ತು ಸರಿಯಾದ ಸಮಯಕ್ಕೆ ಮಾತಾಡಿದ ನನ್ನ ಹೊಟ್ಟೆಗೆ ನನ್ನ ಧನ್ಯವಾದಗಳು. ಯಾರಾದರೂ ಈಗ ನನ್ನನ್ನು ಆರಾಮ ಅದೀರೇನ್ರಿ ಎಂದು ಕೇಳಿದರೆ, ಆರಾಮ ಅದೇನ್ರಿ, ಖರೇನ ಆರಾಮ ಅದೇನಿ. ನಮಸ್ಕಾರ.